ಎರಡೂ ಕೊಳಕ್ಕೆ ಬಿದ್ದ ಹಸಿರು ಪುಡಿ

ನಮ್ಮ ದೊಡ್ಡಮ್ಮನ ಮಗಳು ಗಿರಿಜಕ್ಕ ಹೊಸಪೇಟೆಯವಳು. ಆರು ವರ್ಷದಿಂದ ವಿಜಯವಾಡದ ಹೊರಗಿನ ಮೀನುಮರಿ ಕೇಂದ್ರದಲ್ಲಿ ಕೆಲಸ. ಮೀನು ಸಾಕುವವರು ಮರಿ ಕೊಳ್ಳುವ ಮುಂಚೆ ಅವಳನ್ನೊಂದು ಮಾತು ಕೇಳುತ್ತಾರೆ.

ಈ ವರ್ಷ ವಿಶಾಖಪಟ್ಟಣದ ಕಂಪನಿಯೊಂದು ಪಾಚಿಯಿಂದ ಮಾಡಿದ ಹಸಿರು ಪುಡಿ ಕಳಿಸಿತು. ಅದನ್ನು ತಿಂದ ತಾಯಿಮೀನು ಹೆಚ್ಚು ಮೊಟ್ಟೆ ಇಡುತ್ತದೆಯೇ ಎಂದು ಅಕ್ಕ ಪರೀಕ್ಷಿಸಬೇಕು. ಫಲಿತಾಂಶ ಅವಳ ಹೆಸರಿನಲ್ಲೇ ರೈತರ ಕರಪತ್ರದಲ್ಲಿ ಅಚ್ಚಾಗುತ್ತದೆ.

ಎರಡು ಕೊಳ, ಒಂದೇ ವಯಸ್ಸಿನ ರೋಹು ಮೀನು. ಒಂದಕ್ಕೆ ತವುಡು, ಶೇಂಗಾ ಹಿಂಡಿಯ ಜೊತೆ ಪುಡಿ. ಇನ್ನೊಂದಕ್ಕೆ ಬರೀ ತವುಡು, ಹಿಂಡಿ. ಮೂರು ತಿಂಗಳು ಹೀಗೆ ನಡೆಯಿತು. ಮಳೆ ಬಂದಾಗ ಸೂಜಿಮದ್ದು ಕೊಟ್ಟು ಮೊಟ್ಟೆ ಇಡಿಸಿದರು. ಎರಡೂ ಕೊಳದ ಮೊಟ್ಟೆ ಹೆಚ್ಚುಕಡಿಮೆ ಒಂದೇ! ಪುಡಿಯ ಚೀಲ ನೋಡಿದರೆ ಲೆಕ್ಕಕ್ಕಿಂತ ಬಹಳ ಹೆಚ್ಚು ಪುಡಿ ಖರ್ಚಾಗಿತ್ತು.

ಸಂಜೆಯ ಮೇವು ಹಾಕುವವಳು ಮುದುಕಿ ಕೋಟೇಶ್ವರಮ್ಮ. ಅಕ್ಕ ಅವಳನ್ನೇ ಕೇಳಿದಳು.

“ಇನ್ನೊಂದು ಕೊಳಕ್ಕೂ ಹಾಕಿದೆನಮ್ಮಾ,” ಅಂದಳು ಅವಳು.

“ಯಾಕ?”

“ಅವೂ ಬಸುರಿಯರೇ ಅಲ್ಲವಾ? ಒಂದೇ ಮನೆಯ ಇಬ್ಬರು ಬಸುರಿಯರಲ್ಲಿ ಒಬ್ಬಳಿಗೆ ತುಪ್ಪದನ್ನ ಇಕ್ಕಿ, ಇನ್ನೊಬ್ಬಳನ್ನು ನೋಡ್ತಾ ಕೂರಿಸ್ತಾರಾ? ದೃಷ್ಟಿಯಾಗುತ್ತೆ.”

ಅಕ್ಕ ಕೈಯಲ್ಲಿದ್ದ ಬೋಗುಣಿಯನ್ನು ನೆಲಕ್ಕೆ ಅಪ್ಪಳಿಸಿದಳು. “ಮೂರು ತಿಂಗಳು ಮಣ್ಣುಪಾಲು ಮಾಡಿದ್ಯಲ್ಲ!”

“ಬೈಯಿ ತಾಯಿ. ಆದರೆ ಮರಿ ಚೆನ್ನಾಗಿ ಬಂದಿವೆ.”

ಅದೇ ಸಿಟ್ಟಿನಲ್ಲಿ ಅಕ್ಕ ರೈಲು ಹತ್ತಿ ವಿಶಾಖಪಟ್ಟಣದ ಋಷಿಕೊಂಡದಲ್ಲಿರುವ ಕಂಪನಿ ಆಫೀಸಿಗೆ ಹೋದಳು. ಅಲ್ಲಿನ ಮ್ಯಾನೇಜರ್ ಬಾಲಚಂದ್ರ ಮೈಸೂರಿನವರು. ಎಲ್ಲ ಕೇಳಿ ನಕ್ಕರು.

“ಮುದುಕಿ ಮಾಡಿದ್ದು ಯಾರಿಗೆ ಗೊತ್ತಾಗುತ್ತೆ ಗಿರಿಜಾ ಅವರೇ? ಹೋದ ವರ್ಷದ ಮೊಟ್ಟೆ ಲೆಕ್ಕ ಕಡಿಮೆ ಇದೆಯಲ್ಲ, ಎರಡನೇ ಕೊಳದ್ದು ಅಂತ ಅದನ್ನೇ ಬರೀರಿ. ಆಗ ಪುಡಿ ಗೆದ್ದ ಹಾಗೆ.”

“ಹೋದ ವರ್ಷದ ಮಳೆ ಬ್ಯಾರೆ, ಮೀನು ಬ್ಯಾರೆ.”

“ರೈತರಿಗೆ ಅಷ್ಟೆಲ್ಲ ತಿಳಿಯಲ್ಲ ಬಿಡಿ.”

“ಅವರನ್ನ ದಡ್ಡರು ಅಂತ ತಿಳಿದೀರೇನ್ರೀ? ನನ್ನ ಹೆಸರು ನೋಡಿ ಕೊಳ್ಳೋರು ಅವರು!”

“ಹಾಗಾದ್ರೆ ಮುಂದಿನ ಪರೀಕ್ಷೆ ನಿಮಗೆ ಸಿಗಲ್ಲ.”

ಅಕ್ಕ ವರದಿಯ ಕೆಳಗೆ ಬರೆದಳು: ‘ಎರಡೂ ಕೊಳದ ಮೀನುಗಳು ಪುಡಿ ತಿಂದಿವೆ. ಪುಡಿಯಿಂದ ಲಾಭವಿದೆಯೋ ಇಲ್ಲವೋ ಇದರಿಂದ ತಿಳಿಯುವುದಿಲ್ಲ.’ ಸಹಿ ಹಾಕಿ ಅವರ ಮೇಜಿನ ಮೇಲಿಟ್ಟು ಬಂದಳು.

ವಿಜಯವಾಡಕ್ಕೆ ಮರಳಿದ ದಿನ ಕೋಟೇಶ್ವರಮ್ಮನನ್ನು ಕೂರಿಸಿಕೊಂಡು, ಒಂದು ಕೊಳಕ್ಕೆ ಪುಡಿ ಹಾಕದೆ ಯಾಕೆ ಬಿಡಬೇಕು ಎಂದು ವಿವರಿಸಿದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

“ಇದನ್ನ ಮೊದಲೇ ಹೇಳಬಾರದಿತ್ತಾ ತಾಯಿ? ಹಾಕಬೇಡ ಅಂದೆ, ಯಾಕೆ ಅಂತ ಹೇಳಲಿಲ್ಲ.”

“ಹೌದು, ಹೇಳಲಿಲ್ಲ!” ಎಂದು ಅಕ್ಕ ಕಿರುಚಿದಳು. ಈ ಸಲ ಕೋಟೇಶ್ವರಮ್ಮನ ಮೇಲಲ್ಲ.