ಖಾಲಿ ಬೀದಿಯ ಫೋಟೋ

ನಾನು ಮೊದಲಿನಿಂದಲೂ ಅನುಮಾನದ ಹೆಂಗಸು. ಮದುವೆಯಾಗಿ ಗುಂಡ್ಲುಪೇಟೆ ಕಡೆಯಿಂದ ಕಲ್ಪೆಟ್ಟಕ್ಕೆ ಬಂದ ಮೇಲೆ ಅದು ಇಮ್ಮಡಿಯಾಯಿತು. ತಿರುವಾಂಕೂರಿನಿಂದ ಜನ ಗಂಟುಮೂಟೆ ಹೊತ್ತು ಬಂದು ಇಳಿಯುತ್ತಿದ್ದ ಕಾಲ. ಜನರಿಲ್ಲದ ಜಾಗ ಕಂಡರೆ ಬೆಳಗಾಗುವುದರೊಳಗೆ ಬೇಲಿ ಎದ್ದಿರುತ್ತಿತ್ತು. ನಮ್ಮ ಹಳೇ ಬೀದಿಯ ಮನೆಗಳಿಗೆ ಕಾಗದಪತ್ರ ಇರಲಿಲ್ಲ. ಅಲ್ಲಿ ವಾಸವಿದ್ದೇವೆ ಎಂಬುದೊಂದೇ ಆಧಾರ. ಹಬ್ಬಕ್ಕೆ ತವರಿಗೆ ಹೋದರೂ ಒಲೆ ಹಚ್ಚಲು ಒಬ್ಬರನ್ನು ಮನೆಯಲ್ಲಿ ಬಿಟ್ಟೇ ಹೋಗುತ್ತಿದ್ದೆವು.

ಹೀಗಿರುವಾಗ ಮೈಸೂರಿನವನೊಬ್ಬ ಮೂರು ಕಾಲಿನ ಕ್ಯಾಮರಾ ಹೊತ್ತು ಬಂದ. ಬೆಳಗಿನ ಮಂಜಿನಲ್ಲಿ ನಮ್ಮ ಬೀದಿಯನ್ನು ಕಪ್ಪು ಬಿಳುಪಿನಲ್ಲಿ ಹಿಡಿಯಬೇಕಂತೆ.

"ಒಂದು ಗಳಿಗೆ ಯಾರೂ ಓಡಾಡಬೇಡಿ ತಾಯಿ. ಬೀದಿ ಖಾಲಿ ಇದ್ದರೇ ಅಂದ," ಎಂದ.

ಅತ್ತೆ ನನ್ನನ್ನು ಒಳಗೆ ಎಳೆದುಕೊಂಡರು.

"ಖಾಲಿ ಬೀದಿ ಇವ್ನಿಗೆ ಎಂತಕ್ಕೆ? ಪಟ್ಟಯ, ಹಕ್ಕಿನ ಕಾಗದ ಇಲ್ದ ಮನೆ ನಮ್ದು. ನಾಳೆ ಆಫೀಸಲ್ಲಿ ಈ ಫೋಟೋ ಇಟ್ಟು, ಇಲ್ಲಿ ಆರೂ ಇಲ್ಲ ಅಂದ್ರೆ ಏನ್ ಮಾಡ್ತೀಯ?"

ಅವನು ಕ್ಯಾಮರಾದ ಹಿಂದೆ ನಿಂತದ್ದೇ ತಡ, ನಾವೆಲ್ಲ ಬೀದಿಗಿಳಿದೆವು. ನಾನು ಕೊಡ ಹೊತ್ತು ಹೋದೆ, ಬಂದೆ, ಮತ್ತೆ ಹೋದೆ. ಅತ್ತೆ ಪೊರಕೆ ಹಿಡಿದು ಈ ತುದಿಯಿಂದ ಆ ತುದಿಗೆ ಗುಡಿಸಿದ್ದನ್ನೇ ಗುಡಿಸಿದರು. ಅಕ್ಕಪಕ್ಕದ ಹೆಂಗಸರೂ ಹಾಗೆಯೇ ಸುತ್ತಿದರು. ನಮ್ಮ ಜಗಲಿಯಲ್ಲಿ ಮಾತ್ರ ತಿರುವಾಂಕೂರಿನವನೊಬ್ಬ ಬಸ್ಸಿಗೆ ಕಾಯುತ್ತ, ಜ್ವರಕ್ಕೆ ಕಂಬಳಿ ಹೊದ್ದು ಗೋಡೆಗೊರಗಿದ್ದ. ಅತ್ತೆಯೇ ಅವನಿಗೆ ಕಾಫಿ ಕೊಟ್ಟಿದ್ದರು. ಫೋಟೋದವನು ನಮ್ಮನ್ನು ಬೈಯಲಿಲ್ಲ, ನಕ್ಕ. ಆ ನಗು ನನಗೆ ಚೂರೂ ಹಿಡಿಸಲಿಲ್ಲ.

ಕೆಲವು ತಿಂಗಳ ಮೇಲೆ ಅವನೇ ಒಂದು ಪ್ರತಿ ತಂದುಕೊಟ್ಟ. ಒದ್ದೆ ಕಲ್ಲು, ಹೆಂಚು, ನಮ್ಮ ಬಾಗಿಲು, ಎಲ್ಲ ಚೆನ್ನಾಗಿಯೇ ಬಂದಿತ್ತು. ನಾನಿಲ್ಲ. ಅತ್ತೆಯಿಲ್ಲ. ಬೀದಿಯವರು ಒಬ್ಬರೂ ಇಲ್ಲ. ಜಗಲಿಯ ಮೇಲೆ ಆ ತಿರುವಾಂಕೂರಿನವನು ಮನೆಯ ಯಜಮಾನನ ಹಾಗೆ ಕೂತಿದ್ದ.

"ಮಂಜಿನಲ್ಲಿ ಬೆಳಕು ಸಾಲದು ಅಂತ ಕ್ಯಾಮರಾ ತುಂಬ ಹೊತ್ತು ತೆರೆದಿಟ್ಟಿದ್ದೆ. ಓಡಾಡಿದವರು ಮೂಡೋದಿಲ್ಲ, ಕೂತವರು ಮಾತ್ರ ಮೂಡ್ತಾರೆ," ಎಂದ. ಮೈಸೂರಿನ ಪ್ರದರ್ಶನದಲ್ಲಿ ಜನ ಇದನ್ನೇ ಮೆಚ್ಚಿದರು ಎಂದೂ ಖುಷಿಯಿಂದ ಹೇಳಿದ.

ಅತ್ತೆ ಫೋಟೋವನ್ನು ಅವನ ಕೈಗೇ ವಾಪಸು ಕೊಟ್ಟು, ಹೊರಗೆ ಹೋಗಿ, ಅದೇ ಜಾಗದಲ್ಲಿ ಗೋಡೆಗೊರಗಿ ಕೂತರು.

"ಇನ್ನೊಂದು ಹಿಡಿ ಮಗಾ. ನಾನು ಮಿಸುಕಲ್ಲ."

"ಕ್ಯಾಮರಾ ತಂದಿಲ್ಲ ಅಮ್ಮ," ಎಂದ.

ಅತ್ತೆ ಏಳಲಿಲ್ಲ.