ಅಳಿಸಿದ ಏಳು ಕಿಲೋಮೀಟರು

ಫ್ರಾನ್ಸಿಗೆ ನಾನು ಇಂದಿಗೂ ಹೋಗಿಲ್ಲ. ಆದರೂ ಬರ್ಗಂಡಿಯ ಕಾಲುವೆ ದಂಡೆಯ ಮೇಲೆ ಎಲ್ಲಿ ಜಲ್ಲಿ ಮುಗಿದು ಡಾಂಬರು ಶುರುವಾಗುತ್ತದೆ, ಯಾವ ಹಳ್ಳಿಯಲ್ಲಿ ಕುಡಿಯುವ ನೀರಿನ ನಲ್ಲಿ ಇದೆ, ಯಾವ ಸೇತುವೆ ದಾಟಿದ ಮೇಲೆ ಎಡಕ್ಕೆ ತಿರುಗಬೇಕು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕುವೈತಿನ ಮಂಗಫ್‌ನ ನಮ್ಮ ಫ್ಲಾಟಿನಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎರಡು ವರ್ಷದ ಶನಿವಾರ ಮಧ್ಯಾಹ್ನಗಳನ್ನು ಆ ಹಾದಿಗೆ ಸುರಿದಿದ್ದೇನೆ. ತೈಲದ ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಸೈಕಲ್ಲಿಗೆ ಹಾದಿ ಹುಡುಕುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು.

ಜೊತೆಗೆ ಹೋಗಬೇಕಾಗಿದ್ದವನು ಮಂಗಳೂರು ಕಡೆಯ ಒಬ್ಬ ಸ್ನೇಹಿತ. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಅವರ ಊರಿನ ಕನ್ನಡ. ಕಂಪನಿ ಬೇರೆಯಾದರೂ ಬೆಳಿಗ್ಗೆ ಇಬ್ಬರ ಬಸ್ಸೂ ಒಂದೇ ಕಡೆ ನಿಲ್ಲುತ್ತಿತ್ತು, ಪರಿಚಯ ಆದದ್ದು ಹಾಗೆ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಮಾತಿನಲ್ಲಿ ಕೊನೆಯವರೆಗೂ ನಾವು ಒಬ್ಬರಿಗೊಬ್ಬರು ಬಹುವಚನವೇ. ಮನಸ್ಸಿನಲ್ಲಿ ಮಾತ್ರ ನಾನು ಬಹಳ ಬೇಗ ಏಕವಚನಕ್ಕೆ ಇಳಿದೆ.

ಯಾಕೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಅವನಿಗೆ ಎಲ್ಲವೂ ಸುಲಭವಾಗಿ ಆಗುತ್ತಿತ್ತು. ಶುವೈಖ್‌ನ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಜಲ್ಲಿ ರಸ್ತೆಗೆ ಆಗುವ ದಪ್ಪ ಟೈರಿನ ಎರಡು ಸೈಕಲ್ ಕೊಂಡೆವು. ಪಂಕ್ಚರ್ ಆಗುತ್ತಿದ್ದದ್ದು ನನ್ನದು. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಕೊಳವೆ ಸಾಲಿನ ಪಕ್ಕದ ಮಣ್ಣು ಹಾದಿಯಲ್ಲಿ ಹೊರಟರೆ, ಮರಳುಗಾಳಿಗೆ ಎದುರಾಗಿಯೂ ಅವನು ಹಾಡು ಗುನುಗುತ್ತ ಹೋಗುತ್ತಿದ್ದ. ನಾನು ಹಿಂದಿನಿಂದ ಏದುಸಿರು ಬಿಡುತ್ತ ಅವನ ಬೆನ್ನು ನೋಡುತ್ತಿದ್ದೆ. ಹುರಿದ ಮೀನು, ಕೋರಿ ರೊಟ್ಟಿ ಎಲ್ಲ ಹೊಡೆದರೂ ಅವನ ಸೊಂಟ ಹಾಗೇ ಇತ್ತು. ನಾನು ಅನ್ನ ಬಿಟ್ಟು ಆರು ತಿಂಗಳಾದರೂ ನನ್ನದೂ ಹಾಗೇ ಇತ್ತು.

ಆದರೆ ಒಂದು ವಿಷಯದಲ್ಲಿ ನಾನೇ ಮೇಲು. ಹಾದಿ ನನ್ನದು. ನಾನು ಮಂಡ್ಯ ಕಡೆಯವನು, ಹೈಸ್ಕೂಲಿಗೆ ನಾಲೆ ಏರಿಯ ಮೇಲೆ ಸೈಕಲ್ ತುಳಿದವನು. ಫ್ರಾನ್ಸಿನ ಆ ಕಾಲುವೆಯನ್ನು ಉಪಗ್ರಹ ಚಿತ್ರದಲ್ಲಿ ಮೊದಲ ಸಲ ನೋಡಿದಾಗಲೇ ಇದು ನನ್ನ ಜಾಗ ಅನ್ನಿಸಿಬಿಟ್ಟಿತ್ತು. ಎರಡೂ ಕಡೆ ಸಾಲುಮರ, ದೋಣಿಗಳನ್ನು ಏರಿಸಿ ಇಳಿಸುವ ಹಳೆಯ ಗೇಟುಗಳು, ಪ್ರತಿ ಗೇಟಿನ ಪಕ್ಕ ಅದನ್ನು ಕಾಯುವವರ ಪುಟ್ಟ ಮನೆ. ಏರು ಇಲ್ಲ, ಇಳಿವು ಇಲ್ಲ. ಮೂರನೇ ದಿನ ಮಾತ್ರ ಕಾಲುವೆ ಬಿಟ್ಟು ಗುಡ್ಡದ ಮೇಲಿನ ವೆಜ್ಲೇ ಊರಿಗೆ ಹತ್ತಬೇಕು. ಅಲ್ಲಿ ಒಂಬೈನೂರು ವರ್ಷದ ಹಿಂದಿನ ದೊಡ್ಡ ಇಗರ್ಜಿ ಇದೆ. ಆ ಊರಿಗೆ ಎಲ್ಲರೂ ಹೋಗುವ ಡಾಂಬರು ರಸ್ತೆ ಒಂದಿದೆ. ಎಷ್ಟೋ ಶನಿವಾರ ತಡಕಾಡಿದ ಮೇಲೆ ನನಗೆ ಇನ್ನೊಂದು ಸಿಕ್ಕಿತು. ಒಂದು ಸಣ್ಣ ಹಳ್ಳಿಯ ಹಿಂದಿನಿಂದ ಕಾಡಿನೊಳಗೆ ನುಗ್ಗಿ, ಏಳು ಕಿಲೋಮೀಟರು ಜಲ್ಲಿಯಲ್ಲೇ ಸಾಗಿ, ಕಾಡು ಮುಗಿದ ಕೂಡಲೇ ದ್ರಾಕ್ಷಿ ತೋಟಗಳ ಆಚೆ ಇಡೀ ಗುಡ್ಡವನ್ನೂ ಇಗರ್ಜಿಯನ್ನೂ ಒಟ್ಟಿಗೆ ಕಣ್ಣೆದುರು ನಿಲ್ಲಿಸುವ ಹಾದಿ. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದ್ದೆ. "ಚೆನ್ನಾಗಿದೆ, ಬೇಳೆ ಹತ್ತುತ್ತೆ ಬಿಡಿ" ಎಂದು ಅವಳು ಹೋಗಿದ್ದಳು.

ಹೊರಡುವ ವರ್ಷ ನಾನು ಅತಿಬುದ್ಧಿವಂತಿಕೆ ಮಾಡಿದೆ. ಕುವೈತಿನಲ್ಲಿ ಆಗ ಇಕಾಮಾ, ಅಂದರೆ ನಮ್ಮ ವಾಸದ ಪರವಾನಗಿ, ಪಾಸ್‌ಪೋರ್ಟಿನೊಳಗೇ ಅಂಟಿಸುವ ಚೀಟಿ. ಪ್ರವಾಸ ಮುಗಿದ ಮೇಲೂ ಅದಕ್ಕೆ ಮೂರು ತಿಂಗಳು ಅವಧಿ ಉಳಿದಿರಬೇಕು, ಇಲ್ಲದಿದ್ದರೆ ಫ್ರಾನ್ಸಿನ ವೀಸಾ ಇಲ್ಲ. ನಮ್ಮಿಬ್ಬರದೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುವುದಿತ್ತು. "ಸಾಕಾಗ್ತದೆ ಮಾರಾಯ್ರೇ, ಸುಮ್ನೆ ಕೈ ಹಾಕ್ಲಿಕ್ಕೆ ಹೋಗ್ಬೇಡಿ" ಎಂದು ಅವನು ಹೇಳಿದ. ನಾನು ಕೇಳಲಿಲ್ಲ. ಹೊಸ ಚೀಟಿ ಇದ್ದರೆ ವೀಸಾ ಕೊಡುವವರು ಕಣ್ಣು ಮುಚ್ಚಿ ಕೊಡುತ್ತಾರೆ ಎಂದುಕೊಂಡು, ಮಾರ್ಚಿನಲ್ಲೇ ಪಾಸ್‌ಪೋರ್ಟನ್ನು ನಮ್ಮ ಕಂಪನಿಯ ಮಂದೂಬ್ ಕೈಗೆ ಕೊಟ್ಟೆ. ಸರ್ಕಾರಿ ಕಚೇರಿಗಳಿಗೆಲ್ಲ ಅಲೆದು ನಮ್ಮ ಕಾಗದಪತ್ರ ಮಾಡಿಸಿ ತರುವವನು ಅವನೇ. ಕೇಳಿದಾಗಲೆಲ್ಲ "ಬುಕ್ರಾ, ಬುಕ್ರಾ" ಎಂದ. ಅವನ ನಾಳೆ ಏಪ್ರಿಲ್ ಆಯಿತು, ಮೇ ಆಯಿತು. ನಡುವೆ ತನ್ನ ದೇಶಕ್ಕೆ ರಜೆಗೂ ಹೋಗಿ ಬಂದ. ಪಾಸ್‌ಪೋರ್ಟ್ ನನ್ನ ಕೈ ಸೇರಿದಾಗ ಜೂನ್ ಎರಡನೇ ವಾರ. ಒಳಗೆ ಎರಡು ವರ್ಷದ ಹೊಚ್ಚಹೊಸ ಚೀಟಿ. ಹೊರಡುವುದಕ್ಕೆ ಎಂಟು ದಿನ, ವೀಸಾ ಅರ್ಜಿ ಕೊಡಲು ಸಮಯವೇ ಇರಲಿಲ್ಲ. ಸ್ನೇಹಿತನ ವೀಸಾ ಮೇ ತಿಂಗಳಲ್ಲೇ ಬಂದಿತ್ತು, ಹಳೆಯ ಚೀಟಿಯ ಮೇಲೆ.

"ನಾನೂ ಕ್ಯಾನ್ಸಲ್ ಮಾಡ್ತೇನೆ, ಬರುವ ವರ್ಷ ಒಟ್ಟಿಗೆ ಹೋಗುವ" ಎಂದು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹೇಳಿದ.

"ಛೆ ಛೆ, ಬಿಡ್ತು ಅನ್ನಿ. ಆರಾಮಾಗಿ ಹೋಗಿ ಬನ್ನಿ" ಎಂದೆ.

ಇನ್ನೊಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಅವನು ನನ್ನ ಮಾತನ್ನು ನಿಜವೆಂದೇ ತಿಳಿದು ಕೈ ಕುಲುಕಿ ಬಸ್ಸು ಹತ್ತಿದ. ಆ ದಿನ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ. ಎರಡು ವರ್ಷ ನಾನು ಹುಡುಕಿದ್ದನ್ನೆಲ್ಲ ಇವನು ಹತ್ತು ದಿನದಲ್ಲಿ ಹಾಡು ಗುನುಗುತ್ತ ಮುಗಿಸಿ ಬರುತ್ತಾನೆ ಎಂಬುದು ಹೊಟ್ಟೆಯಲ್ಲಿ ಕೆಂಡದಂತೆ ಕೂತಿತ್ತು. ಸಂಜೆಯೊಳಗೆ ಅವನಿಗೆ ಫೋನಿನ ನಕ್ಷೆಯಲ್ಲಿ ತೆರೆಯುವ ಹಾದಿಯ ಫೈಲು ಕಳಿಸಬೇಕಿತ್ತು. ಎಲ್ಲರೂ ಕ್ಯಾಂಟೀನಿಗೆ ಹೋದ ಹೊತ್ತಿನಲ್ಲಿ ಅದನ್ನು ತೆರೆದೆ. ಮೂರನೇ ದಿನಕ್ಕೆ ಹೋದೆ. ಆ ಏಳು ಕಿಲೋಮೀಟರನ್ನು ಅಳಿಸಿ, ಅದರ ಜಾಗಕ್ಕೆ ಡಾಂಬರು ರಸ್ತೆಯನ್ನು ಜೋಡಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಉಳಿದದ್ದೆಲ್ಲ ತೆಗೆದುಕೊಂಡು ಹೋಗಲಿ, ಇದೊಂದು ನನಗಿರಲಿ ಎಂದುಕೊಂಡೆ. ಫೈಲು ಕಳಿಸಿ, ಕೆಳಗೆ "ಹ್ಯಾಪಿ ಜರ್ನಿ" ಎಂದೂ ಬರೆದೆ.

ಅವನು ಹೋದ ಮೇಲೆ ದಿನವೂ ಫೋಟೋ ಬರತೊಡಗಿದವು. ಇಲ್ಲಿ ಹೊರಗೆ ಕಾಲಿಟ್ಟರೆ ಮುಖಕ್ಕೆ ಒಲೆಯ ಝಳ, ಅಲ್ಲಿ ಅವನು ತೆಳ್ಳನೆಯ ಜಾಕೆಟ್ ಹಾಕಿಕೊಂಡು ನಿಂತಿದ್ದಾನೆ. ಗುಲಾಬಿ ಬಳ್ಳಿ ಹಬ್ಬಿದ ಗೇಟಿನ ಮನೆ. ಬಿಳಿ ದನಗಳು. ಹಿಂದಿನ ಕಾಲದಲ್ಲಿ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೊಳ, ಅದಕ್ಕೊಂದು ಹೆಂಚಿನ ಸೂರು. ಪ್ರತಿ ಫೋಟೋದ ಕೆಳಗೂ "ನೀವು ಹೇಳಿದ ಹಾಗೇ ಉಂಟು" ಎಂದು ಬರೆಯುತ್ತಿದ್ದ. ನಾನು ಚಿತ್ರವನ್ನು ಹಿಗ್ಗಿಸಿ ಮೋಡ ಹುಡುಕುತ್ತಿದ್ದೆ. ಒಂದು ದಿನ ಅವನ ಮಳೆಕೋಟಿನಿಂದ ನೀರು ಸೋರುವುದು ಕಂಡು ಎರಡು ಲೋಟ ಕಾಫಿ ಕುಡಿದೆ. ಮೂರನೇ ದಿನದ ಫೋಟೋಗಳಲ್ಲಿ ಡಾಂಬರು ರಸ್ತೆ, ಒಂದು ಲಾರಿ, ಆಮೇಲೆ ಇಗರ್ಜಿಯ ಬಾಗಿಲ ಮೇಲಿನ ಕೆತ್ತನೆ ಇದ್ದವು. ಕಾಡು ಇರಲಿಲ್ಲ. ನನ್ನ ಜಾಗ ನನಗೇ ಉಳಿದಿತ್ತು, ಆ ದಿನ ಚೆನ್ನಾಗಿ ನಿದ್ದೆ ಬಂತು.

ಬಂದ ಮರುದಿನವೇ, ಶುಕ್ರವಾರ ಮಧ್ಯಾಹ್ನ, ನಮ್ಮ ಮನೆಗೆ ಬಂದ. ಹೆಂಡತಿಗೆ ಅಲ್ಲಿನ ಅರೆದ ಸಾಸಿವೆಯ ಒಂದು ಬಾಟಲಿ ತಂದಿದ್ದ. "ಒಗ್ಗರಣೆಗಂತೂ ಆಗಲ್ಲ ಇದು" ಎಂದು ಅವಳು ನಕ್ಕಳು. ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅವನು ಉಣ್ಣುತ್ತ ಹತ್ತು ದಿನದ ಕಥೆ ಹೇಳಿದ. ನಾನು ಹೂಂಗುಟ್ಟುತ್ತ ಕೂತೆ.

"ಮೂರನೇ ದಿವಸ ಒಂದು ಗಮ್ಮತ್ತು ಆಯ್ತು" ಎಂದ. "ನೀರು ಕೇಳ್ಲಿಕ್ಕೆ ಅಂತ ಒಂದು ಸಣ್ಣ ಹಳ್ಳಿಯಲ್ಲಿ ನಿಂತೆ. ಒಬ್ಬರು ಅಜ್ಜಿ ಬಂದ್ರು. ಆ ದೊಡ್ಡ ರಸ್ತೆಯಲ್ಲಿ ಹೋಗ್ಬೇಡ ಅಂತ ಕೈ ಮಾಡಿ ಹೇಳಿ, ನನ್ನ ಸೈಕಲ್ ಹ್ಯಾಂಡಲ್ ಹಿಡ್ಕೊಂಡು ಹಿಂದೆ ಒಂದು ಜಲ್ಲಿ ದಾರಿಗೆ ಕರ್ಕೊಂಡು ಹೋದ್ರು. ಕಾಡಿನ ಒಳಗೆ ಹೋಗ್ತದೆ ಅದು. ಎಷ್ಟು ಚಂದ ಉಂಟು ಅಂದ್ರೆ!"

"ಹೋದ್ರಾ?" ಎಂದೆ.

"ಇಲ್ಲ. ಕಾಡಿನ ಬಾಯಿವರೆಗೆ ಹೋಗಿ ನಿಂತೆ. ಫೈಲ್ ನೋಡಿದ್ರೆ ನೀವು ಅದನ್ನು ಹಾಕ್ಲಿಲ್ಲ. ಎರಡು ವರ್ಷ ಕೂತು ಮಾಡಿದ್ದೀರಿ, ನಿಮ್ಮ ಕಣ್ಣಿಗೆ ಬೀಳದೆ ಇರ್ತದಾ? ಬಿಟ್ಟಿದ್ದಾರೆ ಅಂದ್ರೆ ಏನೋ ಕಾರಣ ಉಂಟು ಅಂತ ವಾಪಸ್ ಡಾಂಬರಿಗೇ ಬಂದೆ. ಅಜ್ಜಿಗೆ ಬೇಜಾರಾಯ್ತು ಪಾಪ. ಯಾಕೆ ಬಿಟ್ರಿ ಅದನ್ನು?"

ಹೆಂಡತಿ ಸಾರಿನ ಸೌಟು ಹಿಡಿದು ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. "ಮಳೆ ಬಂದ್ರೆ ಅಲ್ಲಿ ವಿಪರೀತ ಕೆಸರಂತೆ" ಎಂದೆ.

"ನೋಡಿ ಅಕ್ಕ, ನಾನು ಹೇಳಿದ್ದು! ಹಿಂದಿನ ದಿನವೇ ಮಳೆ ಬಂದಿತ್ತು. ಹೋಗಿದ್ರೆ ಸಿಕ್ಕಿ ಬೀಳ್ತಿದ್ದೆ" ಎಂದು ಅವಳ ಕಡೆ ತಿರುಗಿದ. "ಇವರು ಎಲ್ಲಾ ನೋಡಿಯೇ ಮಾಡಿರ್ತಾರೆ."

ನೀರು ತರುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ. ಅವಳು ಹಿಂದೆಯೇ ಬಂದಳು. ತಗ್ಗಿದ ದನಿಯಲ್ಲಿ "ನನ್ನನ್ನ ಎಳ್ಕೊಂಡು ಬಂದು ತೋರಿಸಿದ್ರಲ್ಲ, ಅದೇ ದಾರಿ ಅಲ್ವಾ?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. "ಹೋಗಿ ಹೇಳ್ಬಿಡಿ. ಅವರೇನೂ ಅಂದ್ಕೊಳ್ಳಲ್ಲ" ಎಂದಳು.

ಅವಳು ಹೇಳಿದ್ದು ಸರಿ. ಅವನು ಏನೂ ಅಂದುಕೊಳ್ಳುತ್ತಿರಲಿಲ್ಲ, ನಕ್ಕುಬಿಡುತ್ತಿದ್ದ. ಹೇಳಲೇಬೇಕೆಂದು ನೀರಿನ ಜಗ್ಗು ಹಿಡಿದು ಹೊರಗೆ ಬಂದೆ. ಅವನು ಮುದ್ದೆಯ ಕೊನೆಯ ತುತ್ತನ್ನು ಮಂಗಳೂರಿನವರ ಹಾಗೆ ಅಗಿಯುತ್ತ, ಆ ಕಾಡಿನ ಬಾಯಿಯಲ್ಲಿ ತೆಗೆದ ಒಂದೇ ಒಂದು ಫೋಟೋವನ್ನು ನನಗೆ ತೋರಿಸಲೆಂದು ಫೋನು ಚಾಚಿ ಕೂತಿದ್ದ. ಹತ್ತು ದಿನ ಅವನು ಕಂಡ ಕಾಲುವೆ, ಗುಲಾಬಿ, ಇಗರ್ಜಿ ಯಾವುದಕ್ಕೂ ಆ ಕ್ಷಣದಲ್ಲಿ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಅಂಥ ಹಾದಿಯ ಮುಂದೆ ನಿಂತು, ನನ್ನನ್ನು ನಂಬಿ, ಸೈಕಲ್ ತಿರುಗಿಸಿಕೊಂಡು ಬಂದನಲ್ಲ, ಅದಕ್ಕೆ ಆಯಿತು. ಅವನ ಜಾಗದಲ್ಲಿ ನಾನಿದ್ದರೆ ಖಂಡಿತ ತಿರುಗಿಸುತ್ತಿರಲಿಲ್ಲ. ಫೋಟೋ ನೋಡಿ, "ಕೆಸರು ಕಾಣುತ್ತೆ ನೋಡಿ" ಎಂದು ಬೆರಳಿಟ್ಟು ತೋರಿಸಿದೆ. ಅವನು ಹೌದು ಹೌದು ಅಂದ.