ಕೇಳದೆ ಕಟ್ಟಿದ ಚಕ್ರ

ಇದು ಮೂರು ವರ್ಷದ ಹಿಂದಿನ ಜೂನ್ ತಿಂಗಳ ಮಾತು. ಮಧುಗಿರಿಯ ನನ್ನ ಸೈಕಲ್ ರಿಪೇರಿ ಅಂಗಡಿಗೆ ಆಗ ಮೂವತ್ತನಾಲ್ಕು ವರ್ಷ, ನನಗೆ ಐವತ್ತೊಂಬತ್ತು. ಪಂಕ್ಚರ್ ಹಾಕುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಚಕ್ರ ಕಟ್ಟುವವರು ಕಮ್ಮಿ. ಚಕ್ರ ಕಟ್ಟುವುದು ಅಂದರೆ ನಡುವಿನ ಹಬ್‌ಗೂ ಹೊರಗಿನ ರಿಮ್‌ಗೂ ಕಡ್ಡಿ ಪೋಣಿಸಿ, ಒಂದೊಂದನ್ನೂ ಹದವಾಗಿ ಬಿಗಿ ಮಾಡಿ, ತಿರುಗಿಸಿದರೆ ಎಲ್ಲೂ ಓಲಾಡದ ಹಾಗೆ ನಿಲ್ಲಿಸುವುದು. ಈ ಕೆಲಸಕ್ಕೆ ಶಿರಾದವರೂ ಕೊರಟಗೆರೆಯವರೂ ನನ್ನ ಹತ್ತಿರವೇ ಬರುತ್ತಿದ್ದರು. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವವರು ಪಾವಗಡ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಬಂದದ್ದೂ ಉಂಟು. ಅದರಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ಸುಳ್ಳು ಯಾಕೆ ಹೇಳಲಿ.

ಕಡ್ಡಿಯ ಬಿಗಿಯನ್ನು ನಾನು ಕಿವಿಯಿಂದಲೇ ಅಳೆಯುತ್ತಿದ್ದೆ. ಬೆರಳಲ್ಲಿ ಮೀಟಿದರೆ ಬಿಗಿಯಾದ ಕಡ್ಡಿ ಟಿಣ್ ಅನ್ನುತ್ತದೆ, ಸಡಿಲವಾದದ್ದು ಟಪ್ ಅನ್ನುತ್ತದೆ. ಗೇರ್ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಚೈನ್ ಇರುವ ಬಲಗಡೆಯ ಕಡ್ಡಿಗಳು ಎಡಗಡೆಯವಕ್ಕಿಂತ ಬಿಗಿಯಾಗಿರುತ್ತವೆ, ಆದ್ದರಿಂದ ಎರಡು ಬದಿಯ ಸದ್ದು ಬೇರೆ ಬೇರೆ ಬರಲೇಬೇಕು. ಇದನ್ನು ಅಳೆಯಲು ಟೆನ್ಷನ್ ಮೀಟರ್ ಅಂತ ಒಂದು ಉಪಕರಣವಿದೆ. ಬಿಡಿಭಾಗ ತಂದುಕೊಡುವವರೊಬ್ಬರು ನನಗೂ ಒಂದು ಕೊಟ್ಟು ಹೋಗಿದ್ದರು. ಇರೋ ಟೆನ್ಷನ್ ಸಾಲದು ಅಂತ ಅದಕ್ಕೊಂದು ಮೀಟರ್ ಬೇರೆ ಕೇಡು ಎಂದು ನಗಾಡಿ, ಡಬ್ಬ ಸಮೇತ ಅಟ್ಟದ ಮೇಲಿಟ್ಟಿದ್ದೆ.

ನನ್ನ ಹೆಂಡತಿ ಜಯಮ್ಮ ಅದಕ್ಕೂ ಎರಡು ವರ್ಷ ಮೊದಲಿಂದ ನನ್ನ ಕಿವಿ ಮಂದವಾಗುತ್ತಿದೆ ಅಂತ ಹೇಳುತ್ತಲೇ ಇದ್ದಳು. ನೀನು ಬಾಯೊಳಗೇ ಮಾತಾಡ್ತೀಯ ಅಂತ ನಾನು ಅವಳ ಮೇಲೇ ಹಾಕುತ್ತಿದ್ದೆ. ನಿಮಗೆ ಹೇಳೋದೂ ಒಂದೇ, ಕಿವುಡನ ಮುಂದೆ ಕಿನ್ನರಿ ನುಡಿಸೋದೂ ಒಂದೇ ಅಂದು ಅವಳು ಒಳಗೆ ಹೋಗುತ್ತಿದ್ದಳು. ಗಿರಾಕಿಗಳ ಮಾತು ಕೇಳಿಸದಿದ್ದಾಗ ಬಚಾವಾಗಲು ನಾನೊಂದು ಉಪಾಯ ಕಂಡುಕೊಂಡಿದ್ದೆ. ತಲೆ ಆಡಿಸಿ ‘ಹೂಂ’ ಅನ್ನುವುದು. ನಮ್ಮ ಕಡೆ ಮುಕ್ಕಾಲು ಪಾಲು ವ್ಯವಹಾರ ಆ ಹೂಂ ಮೇಲೆಯೇ ನಡೆದುಹೋಗುತ್ತದೆ.

ಆ ತಿಂಗಳ ಮೊದಲ ವಾರ ಕೊರಟಗೆರೆಯಿಂದ ಸುಜಾತಾ ಟೀಚರ್ ಬಂದರು. ಕೊಳಾಲ ಹೋಬಳಿಯ ಒಂದು ಹಳ್ಳಿಯ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಮನೆಯಿಂದ ಶಾಲೆಗೆ ಹನ್ನೆರಡು ಕಿಲೋಮೀಟರ್. ಮನೆಯಲ್ಲಿ ಸ್ಕೂಟರ್ ಇದ್ದರೂ ಆಕೆಗೆ ಮೌಂಟೆನ್ ಬೈಕಿನ ಹುಚ್ಚು. ದಾರಿಯಲ್ಲಿ ಕೆರೆ ಏರಿ, ಜಲ್ಲಿ ಎದ್ದ ಗಾಡಿ ಹಾದಿ, ಉದ್ದಕ್ಕೂ ಜಾಲಿ ಮುಳ್ಳು. ಕಂಪನಿಯಿಂದ ಬಂದ ಚಕ್ರ ವರ್ಷದಲ್ಲಿ ನಾಲ್ಕು ಸಲ ಬೆಂಡಾಗಿತ್ತು. ಒಳ್ಳೇ ಚಕ್ರ ಹಾಕಿಸಬೇಕು, ಯಾವುದು ಅಂತ ನೀವೇ ಹೇಳಿ ಅಣ್ಣ ಅಂದರು.

ನನ್ನ ಹತ್ತಿರ ಎರಡು ಥರದ ಸಾಮಾನಿತ್ತು. ಒಂದು, ಅಗಲವಾದ ರಿಮ್, ಒಂದೊಂದು ಚಕ್ರಕ್ಕೂ ಮೂವತ್ತೆರಡು ಕಡ್ಡಿ. ತೂಕ ಜಾಸ್ತಿ, ಆದರೆ ಕತ್ತೆ ಥರ ಹೊರುತ್ತದೆ. ಇನ್ನೊಂದು, ಸಪೂರ ರಿಮ್, ಇಪ್ಪತ್ತನಾಲ್ಕೇ ತೆಳು ಕಡ್ಡಿ. ಎರಡೂ ಚಕ್ರ ಸೇರಿ ಅರ್ಧ ಕೆ.ಜಿ. ಹಗುರ, ರೇಸಿಗೆ ಹೋಗುವ ಸಣಕಲು ಜನಕ್ಕೆ ಮಾಡಿದ್ದು. ಟೀಚರ್‌ಗೆ ಮೊದಲನೆಯದರ ಮೇಲೇ ಮನಸ್ಸಿತ್ತು. ನಾನು ಬಿಡಲಿಲ್ಲ. ಇಪ್ಪತ್ತನಾಲ್ಕು ಕಡ್ಡಿಯ ಚಕ್ರ ಕಟ್ಟಬೇಕು ಅಂತ ಎಷ್ಟೋ ದಿನದಿಂದ ನನ್ನ ಕೈ ತುರಿಸುತ್ತಿತ್ತು, ಯಾರೂ ಕೇಳಿರಲಿಲ್ಲ. ಆಕೆಯ ತೂಕ ಕೇಳಿದೆ, ಐವತ್ನಾಲ್ಕು ಅಂದರು. ಅಷ್ಟಕ್ಕೆ ಇದೇ ಸರಿ, ಏರು ಹತ್ತುವಾಗ ನನ್ನ ನೆನೆಸ್ಕೋತೀರಿ ಅಂತ ಒಪ್ಪಿಸಿದೆ. ಹೊರಡುವ ಹೊತ್ತಿಗೆ ಗಾಳಿ ತುಂಬುವ ಮೆಷಿನ್ ಜೋರಾಗಿ ಬಡಿದುಕೊಳ್ಳುತ್ತಿತ್ತು. ಆಕೆ ತಿರುಗಿ ಏನೋ ಕೇಳಿದರು. ತುಟಿ ಆಡಿದ್ದು ಕಂಡಿತು. ನಾನು ಹೂಂ ಅಂದೆ.

ಎರಡು ದಿನ ಕೂತು ಕಟ್ಟಿದೆ. ಸಪೂರ ರಿಮ್ ಅತಿಯಾಗಿ ಬಿಗಿದರೆ ಸೀಳುತ್ತದೆ ಅನ್ನುವ ಭಯಕ್ಕೆ ಕೈ ಸ್ವಲ್ಪ ಹಿಂದೆಯೇ ಇತ್ತು. ತಿರುಗಿಸಿದರೆ ಕೂದಲೆಳೆಯಷ್ಟೂ ಓಲಾಟವಿಲ್ಲ. ಕೊನೆಗೆ ಮೀಟಿ ನೋಡಿದೆ. ಎಡಗಡೆ, ಬಲಗಡೆ, ಎಲ್ಲ ಕಡ್ಡಿಯೂ ಒಂದೇ ಥರ ಕೇಳಿಸಿತು. ಎಂಥಾ ಹದ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಶನಿವಾರ ಟೀಚರ್ ಬಂದು ಸೈಕಲ್ ತೆಗೆದುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿ ಬಾಗಿಲು ತೆಗೆದೆ. ಆಕೆಯ ಸೈಕಲ್ಲಿಂದ ಬಿಚ್ಚಿದ ಹಳೇ ಹಿಂದಿನ ಚಕ್ರ ಗೋಡೆಗೆ ಒರಗಿತ್ತು. ಅದರಲ್ಲಿ ಮೂರು ಕಡ್ಡಿ ಸಡಿಲವಿದ್ದದ್ದು ನನಗೆ ಗೊತ್ತಿತ್ತು. ದಾಟಿಹೋಗುವಾಗ ಸುಮ್ಮನೆ ಒಂದು ಮೀಟು ಮೀಟಿದೆ. ಪಕ್ಕದ ಬಿಗಿ ಕಡ್ಡಿ ಮೀಟಿದೆ. ಎರಡೂ ಒಂದೇ ಸದ್ದು. ಕೂತುಕೊಂಡು ಬೆರಳಲ್ಲಿ ಹಿಚುಕಿ ನೋಡಿದೆ. ಒಂದು ಬಾಗುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಬೆರಳು ಬೇರೆ ಬೇರೆ ಅನ್ನುತ್ತಿದೆ, ಕಿವಿ ಒಂದೇ ಅನ್ನುತ್ತಿದೆ.

ಹಿಂದಿನ ಚಕ್ರದ ಎರಡು ಬದಿ ಒಂದೇ ಥರ ಕೇಳಿಸುವ ಹಾಗೇ ಇಲ್ಲ ಅನ್ನುವ ಮೊದಲ ಪಾಠವನ್ನೇ ನಾನು ಮರೆತಿದ್ದೆ. ಹಾಗಾದರೆ ಶನಿವಾರ ಕೊಟ್ಟ ಚಕ್ರದ ಬಿಗಿ ಎಷ್ಟಿತ್ತು? ನನಗೇ ಗೊತ್ತಿಲ್ಲ. ಸಡಿಲ ಕಡ್ಡಿ ಕಣ್ಣಿಗೆ ಕಾಣುವುದಿಲ್ಲ, ಚಕ್ರ ನೆಟ್ಟಗೇ ತಿರುಗುತ್ತದೆ. ಕಲ್ಲಿನ ಹಾದಿಯಲ್ಲಿ ಕುಲುಕುತ್ತ ಕುಲುಕುತ್ತ ಅದರ ತಿರುಪು ಬಿಚ್ಚಿಕೊಂಡು, ಇಳಿಜಾರಿನಲ್ಲಿ ಒಮ್ಮೆಗೇ ಚಕ್ರ ಮಡಚಿಕೊಳ್ಳಬಹುದು.

ಟೀಚರ್‌ಗೆ ಫೋನ್ ಮಾಡಿದೆ. ಎತ್ತಿದರು, ಆದರೆ ಕಂಬಳಿಯೊಳಗಿಂದ ಮಾತಾಡಿದ ಹಾಗೆ ಒಂದಕ್ಷರವೂ ತಿಳಿಯಲಿಲ್ಲ. ಅಂಗಡಿ ಹಿಂದೆಯೇ ನಮ್ಮ ಮನೆ. ಓಡಿಹೋಗಿ ಜಯಮ್ಮನ ಕೈಗೆ ಕೊಟ್ಟೆ. ಅವಳು ಕೇಳಿಸಿಕೊಂಡು ನನ್ನ ಮುಖ ನೋಡಿ, ದೊಡ್ಡ ದನಿಯಲ್ಲಿ ಹೇಳಿದಳು.

“ಇವತ್ತಿಂದ ಮಗಳನ್ನ ಅಂಗನವಾಡಿಗೆ ಸೇರಿಸ್ತಾರಂತೆ ಕಣ್ರಿ. ಹಿಂದೆ ಸೀಟಲ್ಲಿ ಕೂರಿಸ್ಕೊಂಡು ಹೊರಟವ್ರೆ. ಆಮೇಲೆ ಮಾತಾಡ್ತೀನಿ ಅಂತ ಇಟ್ಬುಟ್ರು.”

ಆಮೇಲೆ ಹತ್ತು ಸಲ ಹೊಡೆದರೂ ಎತ್ತಲಿಲ್ಲ. ಬ್ಯಾಗಿನೊಳಗೆ ಹಾಕಿಕೊಂಡಿರಬೇಕು. ನಾನು ಮೊಪೆಡ್ ಹತ್ತಿದೆ. ಕೊರಟಗೆರೆಗೆ ಸುಮಾರು ಇಪ್ಪತ್ತು ಕಿಲೋಮೀಟರ್, ಅಲ್ಲಿಂದ ಆಚೆ ಕೆರೆ ಏರಿ. ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಲೆಕ್ಕ. ಟೀಚರ್ ಐವತ್ನಾಲ್ಕು, ಮಗು ಹದಿನಾರು ಅಂತಿಟ್ಟುಕೊಳ್ಳೋಣ, ಸೀಟು ನಾಲ್ಕು, ಬ್ಯಾಗು ಐದಾರು. ಐವತ್ನಾಲ್ಕು ಕೆ.ಜಿ.ಗೆ ಅಂತ ಹೇಳಿ ಒಪ್ಪಿಸಿದ ಚಕ್ರದ ಮೇಲೆ ಎಂಬತ್ತು ಕೂತಿದೆ, ಅದೂ ಸಡಿಲ ಕಡ್ಡಿಯ ಮೇಲೆ. ರಸ್ತೆ ಬದಿಯಲ್ಲಿ ನಾಲ್ಕು ಜನ ಗುಂಪಾಗಿ ನಿಂತಿದ್ದರೆ ಸಾಕು, ಮೊಪೆಡ್ ನಿಧಾನ ಮಾಡಿ ಅವರ ನಡುವೆ ಟೀಚರ್ ಅವರ ನೀಲಿ ಸೈಕಲ್ ಇದೆಯಾ ಅಂತ ಇಣುಕುತ್ತಿದ್ದೆ. ಮನೆದೇವರಿಗೆ ಹರಕೆ ಹೊತ್ತೆ. ಮುಂದಿನ ಮೈಲಿಗಲ್ಲು ಬರುವಷ್ಟರಲ್ಲಿ, ದೇವರು ಏನು ಮಾಡಿಯಾನು, ಕಟ್ಟಿದವನು ನಾನು ಅನ್ನಿಸಿತು.

ಕೆರೆ ಏರಿ ಹತ್ತಿ ನೋಡುತ್ತೇನೆ, ದೂರದಲ್ಲಿ ನೀಲಿ ಸೈಕಲ್ ಅಡ್ಡ ಬಿದ್ದಿದೆ. ಸುತ್ತ ಯಾರೂ ಇಲ್ಲ. ಆ ನೂರು ಗಜ ಮೊಪೆಡ್ ಹೇಗೆ ಓಡಿಸಿದೆನೋ ಇವತ್ತಿಗೂ ನೆನಪಿಲ್ಲ. ಹತ್ತಿರ ಹೋದರೆ ಏರಿಯ ಆ ಮಗ್ಗುಲಲ್ಲಿ, ಹೊಂಗೆ ಮರದ ನೆರಳಿನಲ್ಲಿ ತಾಯಿ ಮಗಳು ಇಬ್ಬರೂ ಕೂತಿದ್ದರು. ಮಗು ಚಕ್ಕುಲಿ ತಿನ್ನುತ್ತಿತ್ತು. ನಾನು ಅಲ್ಲೇ ಮಣ್ಣಲ್ಲಿ ಕೂತೆ. ಅಳುವೇ ಬಂತು.

ಟೀಚರ್ ಗಾಬರಿಯಾಗಿ ನೀರು ಕೊಟ್ಟರು. ಇಳಿಜಾರು ಇನ್ನೂ ಅರವತ್ತು ಅಡಿ ದೂರ ಇರುವಾಗ ಮಗಳು ಗೌತಮಿ ಹಿಂದಿನಿಂದ ಚೂಡಿದಾರ ಜಗ್ಗಿ, ಚಕ್ರ ಟಪ್ ಟಪ್ ಅಂತೈತೆ ಅಮ್ಮ ಅಂದಳಂತೆ. ಆಕೆ ಇಳಿದು ನೋಡಿದರೆ ಎಡಗಡೆಯ ಹನ್ನೆರಡು ಕಡ್ಡಿಯಲ್ಲಿ ಒಂದು ಬಿಚ್ಚಿಕೊಂಡು ನೇತಾಡುತ್ತಿತ್ತು. ನಾನು ಮುಟ್ಟಿ ನೋಡಿದೆ. ಇನ್ನೂ ನಾಲ್ಕು ಕಡ್ಡಿಯ ತಿರುಪು ಬರೀ ಬೆರಳಿಗೇ ತಿರುಗುತ್ತಿದ್ದವು.

ಸ್ವಲ್ಪ ಸುಧಾರಿಸಿಕೊಂಡು ಕೇಳಿದೆ.

“ಟೀಚರಮ್ಮ, ಆವತ್ತು ಮೆಷಿನ್ ಓಡ್ತಿದ್ದಾಗ ನೀವು ಏನೋ ಅಂದ್ರಲ್ಲ, ಏನದು?”

“ಮುಂದಿನ ವಾರದಿಂದ ಮಗೂನ ಹಿಂದೆ ಕೂರಿಸ್ಕೋತೀನಿ, ಈ ಚಕ್ರ ತಡೀತದಾ ಅಂದೆ. ನೀವು ಹೂಂ ಅಂದ್ರಿ. ನೀವೇ ಅಂದ ಮೇಲೆ ಇನ್ನೇನು ಅಂತ ಸುಮ್ಕಾದೆ.”

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆಕೆ ಬೈಯಲಿಲ್ಲ. ನೆಲ ನೋಡುತ್ತ, ನನಗೆ ಕೇಳಿಸಿರಲಿಲ್ಲ ಕಣಮ್ಮ ಅಂದೆ. ಹೆಂಡತಿಯ ಹತ್ತಿರವೂ ಒಪ್ಪಿಕೊಳ್ಳದ ಮಾತು ಅದು.

ಟೀಚರ್ ನನ್ನ ಕಡೆ ತಿರುಗಿ, “ಕೇಳಿಸದಿದ್ರೆ ಇನ್ನೊಂದ್ಸಲ ಕೇಳಬೇಕಿತ್ತು ಅಣ್ಣ” ಅಂದರು.

ತಾಯಿ ಮಗಳನ್ನು ಆಟೋದಲ್ಲಿ ಶಾಲೆಗೆ ಕಳಿಸಿ, ಸೈಕಲ್ಲನ್ನೂ ಮೊಪೆಡನ್ನೂ ಲಗೇಜ್ ಗಾಡಿಯಲ್ಲಿ ಹಾಕಿಕೊಂಡು ವಾಪಸ್ ಬಂದೆ. ಅಟ್ಟದಿಂದ ಟೆನ್ಷನ್ ಮೀಟರ್ ಇಳಿಸಿದೆ. ಮೂವತ್ತೆರಡು ಕಡ್ಡಿಯ ಅಗಲ ರಿಮ್ಮಿನ ಚಕ್ರವನ್ನು, ಒಂದೊಂದು ಕಡ್ಡಿಗೂ ಮೀಟರ್ ಹಿಡಿದು, ಹಾಳೆಯ ಮೇಲೆ ಬರೆದುಕೊಂಡು ನಾಲ್ಕು ದಿನ ಕಟ್ಟಿದೆ. ಅದಾದ ವಾರಕ್ಕೆ ಜಯಮ್ಮನೇ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಈಗ ಕಿವಿಯಲ್ಲಿ ಒಂದು ಮೆಷಿನ್ ಇದೆ. ಆದರೂ ಗದ್ದಲದಲ್ಲಿ ಎಷ್ಟೋ ಮಾತು ತಪ್ಪಿಹೋಗುತ್ತವೆ.

ಕಿವಿ ಮಾಡುವ ಕೆಲಸಕ್ಕೂ ಬಾಯಿ ಮಾಡುವ ಕೆಲಸಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು, ಕೇಳುವುದು. ಒಂದು ಕೈಕೊಟ್ಟಾಗ ಇನ್ನೊಂದನ್ನು ಬಳಸು ಅಂತ ಇರಬೇಕು. ಅಷ್ಟನ್ನು ಕಲಿಯಲು ನನಗೆ ಮೂವತ್ತನಾಲ್ಕು ವರ್ಷ ಹಿಡಿಯಿತು, ಒಂದು ಮಗುವಿನ ಜೀವವನ್ನು ಇಳಿಜಾರಿನ ತುದಿಗೆ ತಂದು ನಿಲ್ಲಿಸಬೇಕಾಯಿತು.

ಹೊಸ ಚಕ್ರ ಹಾಕಿಸಿಕೊಳ್ಳಲು ಬಂದ ದಿನ ಟೀಚರ್ ಜೊತೆ ಗೌತಮಿಯೂ ಇದ್ದಳು. ಕಟ್ಟಿದ ಚಕ್ರವನ್ನು ಅವಳ ಮುಂದೆ ಹಿಡಿದು, ನೀನೇ ಮೀಟಿ ನೋಡವ್ವ ಅಂದೆ. ಪುಟ್ಟ ಬೆರಳಲ್ಲಿ ಒಂದೊಂದೇ ಕಡ್ಡಿ ಮೀಟುತ್ತ ಸುತ್ತ ಬಂದಳು. ಕೊನೆಗೆ ತಲೆಯೆತ್ತಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಹಳೇ ಹೂಂ ತುಟಿಯವರೆಗೂ ಬಂದಿತ್ತು. ನುಂಗಿಕೊಂಡು, ಅವಳ ಎದುರು ಕುಕ್ಕರಗಾಲಲ್ಲಿ ಕೂತೆ.

“ಏನಂದೆ ಪುಟ್ಟಿ? ಇನ್ನೊಂದ್ಸಲ ಹೇಳು.”